ಕೇರಿಯ ಟಿವಿಗೆ ಹಳದಿ ತೂತು

ಕೇರಿಯ ಸಮುದಾಯ ಭವನಕ್ಕೆ ಮಂಜೂರಾಗಿದ್ದ ಟಿವಿಯನ್ನು ಪಂಚಾಯ್ತಿ ಉಪಾಧ್ಯಕ್ಷ ಹಣಮಂತ್ರಾಯಗೌಡರು ತಮ್ಮ ವಾಡೆಯ ಪಡಸಾಲೆಗೆ ಆರಿಸಿದರು. ಆರಿಸುವಾಗ ಪಂಚಾಯ್ತಿ ಅಧ್ಯಕ್ಷೆ ದೇವಕಮ್ಮ ಅಂಗಡಿಯ ಹೊಸ್ತಿಲ ಹೊರಗೆ ನಿಂತಿದ್ದಳು. ಅವಳು ಅದೇ ಕೇರಿಯವಳು.

"ಹಳದಿ ತೂತು ಎಲ್ಲದ, ತೋರ್ಸು," ಎಂದರು ಗೌಡರು.

ಶಹಾಪುರದ ಅಂಗಡಿಕಾರ ಬಾಷುಮಿಯಾ ಒಂದೊಂದೇ ಟಿವಿಯ ಬೆನ್ನು ತಿರುಗಿಸಿದ. "ಇದಕ್ಕ ಆಂಟೆನಾದ ತೂತು ಒಂದೇ ರೀ. ಇದಕ್ಕ ಹಳದಿ, ಬಿಳಿ ಎರಡೂ ಅದಾವ, ಆದ್ರ ಹಿಂದ. ಇದು ನೋಡ್ರಿ, ಮುಂದೂ ಅದಾವ, ಹಿಂದೂ ಅದಾವ. ಇಂಥಾದು ಇದೊಂದೇ ಉಳದದ. ಆದ್ರ ಗೌಡ್ರೆ, ಕೇರ್ಯಾಗ ವಾರ್ತಾ ನೋಡಾಕ ಹಳದಿ ತೂತು ಯಾಕ್ರಿ?"

"ಸರ್ಕಾರಿ ಸಾಮಾನು ತಗೋಳಾಗ ಮುಂದಿಂದು ನೋಡಬೇಕೋ ಮಿಯಾ."

ಗೌಡರು ನೋಡುತ್ತಿದ್ದ ಮುಂದಿನದು ವಿಡಿಯೋ ಗೇಮು. ಕಾಲುವೆಗೆ ನೀರು ಬಂದ ಮೇಲೆ ಹೊಲವನ್ನೆಲ್ಲ ಆಂಧ್ರದಿಂದ ಬಂದು ಭತ್ತ ಬೆಳೆಯುವ ಕ್ಯಾಂಪಿನವರಿಗೆ ಲೀಜಿಗೆ ಕೊಟ್ಟು ಅವರು ಖಾಲಿ ಕುಳಿತಿದ್ದರು. ದಸರಾ ರಜೆಗೆ ಬಂದ ಮೊಮ್ಮಗ ಬಿಟ್ಟುಹೋದ ಆಟದ ಡಬ್ಬಿಯೇ ಅವರಿಗೆ ಆಸರೆ. ಅದರ ವೈರಿಗೆ ಹಳದಿ ತೂತು ಬೇಕು; ಗೋಡೆಗೆ ಆನಿಸಿಟ್ಟ ಟಿವಿಗೆ ಆ ತೂತು ಮುಂದಿದ್ದರೇ ಕೈಗೆ ಸಿಗುವುದು. ಹಳೆಯ ಟಿವಿಯ ಆಂಟೆನಾ ತೂತಿಗೆ ಅದನ್ನು ಸಿಕ್ಕಿಸಿದರೆ ಚಿತ್ರ ನಡುಗುತ್ತಿತ್ತು. ಗೌಡರ ಕಾರು ದಿನಾಲೂ ತಗ್ಗಿಗೆ ಬೀಳುತ್ತಿತ್ತು. ತಪ್ಪು ಟಿವಿಯದೆಂದು ಇಡೀ ಪಂಚಾಯ್ತಿ ಒಪ್ಪಿತ್ತು.

"ಇದನ್ನ ಟ್ರ್ಯಾಕ್ಟರಿಗಿ ಏರ್ಸು. ಸೀದಾ ವಾಡೇಕ್ಕ ಹೋಗ್ಲಿ."

ದೇವಕಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. "ಗೌಡ್ರೆ, ಇದು ನಮ್ಮ ಕೇರೀದಲ್ರಿ?"

"ನಿಮ್ದೇ. ಯಾರು ಇಲ್ಲಂದ್ರು? ಹೆಸರು ನಿಮ್ದು, ಜಾಗಾ ನಮ್ದು. ನಿಮ್ಮ ಕೇರ್ಯಾಗ ಕರೆಂಟು ಎಲ್ಲಿ ನಿಂದ್ರತದ?"

"ನಮ್ಮ ಹುಡುಗ್ಯಾರು ನಿಮ್ಮ ಕಿಡಕಿ ಹೊರಗ ನಿಂತು ಟಿವಿ ನೋಡ್ತಾವ. ಗೌಡಸಾನಿಯವ್ರು ಮುಸುರಿ ನೀರು ಉಗ್ಗತಾರ. ನನ್ನ ಮಗಳು ಮೈಯೆಲ್ಲಾ ತೊಯಿಸ್ಕೊಂಡು ಬಂದ ದಿನಾನೇ ನಾ ಈ ಟಿವಿಗಿ ಅರ್ಜಿ ಹಾಕಿದ್ದು."

"ಹಂಗಾರ ಇನ್ನ ಮ್ಯಾಲ ಒಳ್ಳೆ ನೀರು ಉಗ್ಗು ಅಂತ ಹೇಳ್ತೀನಿ, ಸಾಕಿಲ್ಲ?" ಎಂದು ನಕ್ಕ ಗೌಡರು, ಅವಳು ಟಿವಿಯ ಸಮೀಪ ಬಂದದ್ದು ಕಂಡು ಹೌಹಾರಿದರು. "ಏ ಏ, ಮುಟ್ಟಿಗಿಟ್ಟಿ! ಮನಿಯೊಳಗ ಹೋಗೋ ಸಾಮಾನದು."

ಕೇರಿಯ ಕೈ ತಾಗಿದ ಯಾವುದೂ ವಾಡೆಯೊಳಗೆ ಹಾಗೇ ಹೋಗುತ್ತಿರಲಿಲ್ಲ. ಹೊತ್ತು ತಂದ ಚೀಲಕ್ಕೆ, ಕೊಯ್ದು ತಂದ ಹೊರೆಗೆ, ಕಡೆಗೆ ಅಧ್ಯಕ್ಷೆ ಸಹಿ ಮಾಡಿದ ಠರಾವಿನ ಪುಸ್ತಕಕ್ಕೂ ಗೌಡಸಾನಿ ನೀರು ಚಿಮುಕಿಸಿಯೇ ಒಳಗೆ ತೆಗೆದುಕೊಳ್ಳುತ್ತಿದ್ದಳು. ಮಸಿ ಕದಡಿ ಹೋದರೂ ಮಡಿ ಉಳಿಯುತ್ತಿತ್ತು.

ದೇವಕಮ್ಮ ಅಂಗಡಿಕಾರನತ್ತ ತಿರುಗಿದಳು. "ಅಣ್ಣಾ, ಇದರ ಮ್ಯಾಲ ನೀರು ಚಿಮುಕಿಸಿದ್ರ ಏನಾಗ್ತದ?"

"ತೌಬಾ ತೌಬಾ! ಒಂದು ಹನಿ ಒಳಗಿಳಿದ್ರ ಖತಮ್, ಅಕ್ಕಾ. ಗ್ಯಾರಂಟಿನೂ ನಡ್ಯಂಗಿಲ್ಲ."

ಹಚ್ಚಿಟ್ಟಿದ್ದ ಟಿವಿಯ ಗಾಜಿನ ಮೇಲೆ ದೇವಕಮ್ಮ ಎರಡೂ ಅಂಗೈ ಊರಿದಳು. ಚಟಚಟ ಸದ್ದಾಯಿತು. ಅವಳ ತೋಳಿನ ಕೂದಲು ನಿಮಿರಿ ನಿಂತವು.

"ಕೈ ತೆಗಿ!" ಎಂದು ಗೌಡರು ಚೀರಿದರು. ಅವಳು ತೆಗೆಯಲಿಲ್ಲ. "ಬ್ಯಾರೇದು ಕೊಡೋ ಮಿಯಾ," ಎಂದರು ಗೌಡರು.

"ಬ್ಯಾರೆ ಎಲ್ಲಿಂದ ತರ್ಲಿ ಗೌಡ್ರೆ? ಮುಂದ ತೂತು ಇರೋದು ಇದಕ್ಕೊಂದೇ."

ಗೌಡರು ದೇವಕಮ್ಮನ ಕೈ ನೋಡಿದರು. ಹಳದಿ ತೂತು ನೋಡಿದರು. ಬೀದಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಹುಟ್ಟಿದಾಗಿನಿಂದ ಮೊದಲ ಸಲ ಕೇರಿಯವಳೊಬ್ಬಳ ಕಿವಿಯ ಹತ್ತಿರಕ್ಕೆ ಬಗ್ಗಿದರು.

"ಹೋಗ್ಲಿ ಬಿಡವಾ. ಈಗಿನ ಕಾಲ್ದಾಗ ಮುಟ್ಟಿದ್ರ ಏನಾಗ್ತದ? ನಾ ಅದನ್ನೆಲ್ಲಾ ನಂಬಾಂವಲ್ಲ. ಮಿಯಾ ಏನೂ ನೋಡಿಲ್ಲ. ನೀ ಮುಟ್ಟಿದ್ದು ಗೌಡಸಾನಿ ಮುಂದ ಮಾತ್ರ ಹೇಳಬ್ಯಾಡ."

"ಹೇಳ್ತೀನ್ರಿ," ಎಂದಳು ದೇವಕಮ್ಮ, ಗಾಜಿನ ಮೇಲಿನ ಕೈ ತೆಗೆಯದೆ. "ಊರ ಅಗಸಿ ಬಾಗಲ್ದಾಗ ನಿಂತು ಹೇಳ್ತೀನಿ."