ಮೂರನೆಯ ಮಹಡಿಯ ಬಾಯಿ

ಗೈಡ್ ಮೊದಲ ಸುಳ್ಳು ಹೇಳಿದ್ದು ಬಂದರಿನ ಎದುರಿನ ಚೌಕದಲ್ಲೇ.

"ಮೂರು ಸಾವಿರ ವರ್ಷದ ಊರು ಇದು. ಕಾದಿಸ್ ಜನಕ್ಕೆ ದುಃಖ ಅಂದ್ರೆ ಏನೂಂತಲೇ ಗೊತ್ತಿಲ್ಲ!"

ಪ್ರವಾಸಿಗರ ಗುಂಪು ನಕ್ಕಿತು. ಬಾಲ್ಬಿನಾ ನಗಲಿಲ್ಲ. ಇದೇ ಊರಿನ ಹಡಗು ಕಾರ್ಖಾನೆ ಬಾಗಿಲು ಹಾಕಿದಾಗ ಅವಳ ಗಂಡ ಎರಡು ವರ್ಷ ಅಡುಗೆಮನೆಯ ಗೋಡೆ ನೋಡುತ್ತಾ ಕೂತಿದ್ದ. ಅದಕ್ಕೆ ಈ ಪಡ್ಡೆಹುಡುಗ ಏನೆಂದು ಹೆಸರಿಡುತ್ತಾನೋ ಕೇಳಬೇಕೆನಿಸಿತು. ಆದರೆ ಸೊಸೆಯ ಟೋಪಿ, ಸೊಸೆಯ ಕಪ್ಪು ಕನ್ನಡಕ ಹಾಕಿಕೊಂಡು, ದೂರದ ಊರಾದ ಬುರ್ಗೋಸ್‌ನಿಂದ ಬಂದ ವಿಧವೆ ಎಂದು ಹೇಳಿಕೊಂಡು ಅವಳು ಈ ಕುರಿಮಂದೆಯೊಳಗೆ ಸೇರಿದ್ದು ಕಿವಿ ತೆರೆದಿಡಲು, ಬಾಯಿಯನ್ನಲ್ಲ.

ಸಂಜೆ ಅವಳು ವಾಸವಿದ್ದ ವಿನ್ಯಾ ಬೀದಿಯವರ ಸಭೆಯಿತ್ತು. ನಗರಸಭೆಯ ಹೆಂಗಸೂ ಬರುವವಳಿದ್ದಳು. ಈ ಗೈಡುಗಳು ನಮ್ಮ ಬೀದಿಯ ಬಗ್ಗೆ ಏನೇನು ಒದರುತ್ತಾರೆಂದು ಸ್ವಂತ ಕಿವಿಯಿಂದ ಕೇಳಿ ಹೇಳಿದರೆ, ನಗರಸಭೆ ಅವರ ಪರವಾನಗಿ ನಿಲ್ಲಿಸೀತೆಂಬ ಆಸೆಯಿತ್ತು. ಅದಕ್ಕಿಂತ ದೊಡ್ಡದು ಮನೆಯ ಪ್ರಶ್ನೆ. ಆರು ಸಂಸಾರಗಳಿದ್ದ ವಠಾರವನ್ನು ಮಾಲೀಕ ಒಂದೊಂದಾಗಿ ಖಾಲಿ ಮಾಡಿಸಿ ಪ್ರವಾಸಿಗರಿಗೆ ಬಿಟ್ಟಿದ್ದ. ಉಳಿದವಳು ಮೂರನೆಯ ಮಹಡಿಯ ಬಾಲ್ಬಿನಾ ಒಬ್ಬಳೇ. ಅವಳ ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು.

ಆದರೂ ಅವಳಿಗೆ ಧೈರ್ಯವಿತ್ತು. ಕಾರಣ, ಅವಳ ನಾಲಿಗೆ. ಕಾರ್ನಿವಾಲ್ ಹಬ್ಬದಲ್ಲಿ ಮಂತ್ರಿಯಿಂದ ಬಿಷಪ್ಪನವರೆಗೆ ಎಲ್ಲರನ್ನೂ ಹಾಡು ಕಟ್ಟಿ ಉಗಿಯುವ ಊರಿದು. ಪ್ರಾಸವಿಲ್ಲದೆ ಬೈಯುವುದನ್ನು ಇಲ್ಲಿ ಬೈಗುಳವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳ ಗಂಡ ಹಾಡು ಕಟ್ಟುತ್ತಿದ್ದ. ಅವನು ಸತ್ತ ಮೇಲೆ ಆ ವಿದ್ಯೆ ಇವಳಿಗೆ ಬಂತು. ದಿನಾ ಮಧ್ಯಾಹ್ನ ಗುಂಪು ಬಂದು ಬಾಲ್ಕನಿಯ ಕೆಳಗೆ ನಿಂತ ಕೂಡಲೇ ಹೊರಗೆ ಬಂದು ಶುರುಮಾಡುತ್ತಿದ್ದಳು:

"ಕಂಡೋರ ಮನೆ ಇಣುಕಿ ನೋಡ್ತೀಯಲ್ಲೋ ಕತ್ತೆ, ನಿನಗೆ ಬಾಗಿಲು ತೆಗೀತಾಳೇನೋ ನಿನ್ನತ್ತೆ?"

ಕೆಳಗಿದ್ದವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಎದುರಾಡುವ ಗಂಡಸು ಒಬ್ಬನೂ ಇರಲಿಲ್ಲ. ಮಾಲೀಕನೂ ಹೆದರಿದ್ದ. ಇಲ್ಲದಿದ್ದರೆ ಕಳೆದ ವರ್ಷ, ಅವಳು ಕೇಳದೆಯೇ, ಬಾಲ್ಕನಿಯ ತುಕ್ಕು ಹಿಡಿದ ಕಂಬಿ ಬದಲಿಸಿ ಬಣ್ಣ ಹೊಡೆಸುತ್ತಿದ್ದನೇ? ಹೆದರಿದವನ ಲಂಚ ಅದು ಎಂದು ಅವಳು ಕಂಡಕಂಡವರಿಗೆಲ್ಲ ಹೇಳಿದ್ದಳು.

ಗೈಡ್ ಲೆಯಾಂದ್ರೊ ಗುಂಪನ್ನು ದಬ್ಬಿಕೊಂಡು ಹೋದ. ಕಾವಲುಗೋಪುರದ ಕೆಳಗೆ ಎರಡು ಮಾತು. ಅಮೆರಿಕದಿಂದ ಬರುವ ತಮ್ಮ ಹಡಗಿಗಾಗಿ ವರ್ತಕರು ಅಲ್ಲಿಂದ ಕಣ್ಣು ನೆಟ್ಟು ನೋಡುತ್ತಿದ್ದರಂತೆ. ಹಡಗಿನ ಹೊಟ್ಟೆಯಲ್ಲಿ ಸರಪಳಿ ಹಾಕಿಸಿಕೊಂಡು ಹೋದ ಗುಲಾಮರ ಬಗ್ಗೆ ಚಕಾರವಿಲ್ಲ. ಕೆಥೆಡ್ರಲ್ ಚರ್ಚಿನ ಎದುರು ಒಂದೇ ಮಾತು. ಗಡಿಯಾರ ನೋಡಿದ್ದೇ ನೋಡಿದ್ದು.

"ಒಳಗೆ ಹೋಗಲ್ವೇನಪ್ಪಾ?" ಎಂದಳು ಬಾಲ್ಬಿನಾ.

"ಅದು ಕಲ್ಲು, ಅಜ್ಜಿ. ಎಲ್ಲೂ ಓಡಿಹೋಗಲ್ಲ. ಬೇಗ ಬೇಗ ಕಾಲು ಹಾಕಿ."

ಚಡ್ಡಿ ಹಾಕಿದ್ದ, ವಾಯಾದೊಲಿದ್ ಊರಿನ ದಪ್ಪ ಗಂಡಸೊಬ್ಬ ಕರಿದ ಮೀನಿನ ಪೊಟ್ಟಣಕ್ಕೆ ಕೈಹಾಕುತ್ತಾ, "ನಮ್ಮ ಭಾವ ಹೋದ್ವರ್ಷ ಬಂದಿದ್ದ. ಬೇರೆ ಏನು ಬಿಟ್ಟರೂ ಕೊನೇ ಬೀದಿ ಬಿಡಬೇಡ ಅಂದಿದಾನೆ," ಎಂದ.

"ಏನಿದೆಯಂತೆ ಅಲ್ಲಿ?" ಎಂದು ಬಾಲ್ಬಿನಾ ಕೇಳಿದಳು.

"ಹೇಳಿದ್ರೆ ಮಜಾ ಹೋಗುತ್ತಂತೆ."

ಮಜಾ! ತಿನ್ನುವುದು, ನಡೆಯುವುದು, ಕಂಡದ್ದಕ್ಕೆಲ್ಲ ಫೋನ್ ಹಿಡಿಯುವುದು. ಇವನು ನೋಡಿದ್ದೇನನ್ನು? ಜನ ಬೆವರಿ ಕಟ್ಟಿದ ಊರು ಇವನಿಗೆ ಊಟಕ್ಕೆ ಮುಂಚಿನ ತಿರುಗಾಟ. ಬಾಲ್ಬಿನಾಳ ಗಂಟಲಲ್ಲಿ ಒಂದು ಪ್ರಾಸ ಎದ್ದು ಬಂತು. ನುಂಗಿಕೊಂಡಳು.

ಪಡುವಣ ಕಡಲಿನ ಗಾಳಿ ಮುಖಕ್ಕೆ ಬಡಿಯಿತು. ಗುಂಪು ವಿನ್ಯಾ ಬೀದಿಗೆ ತಿರುಗಿ ಅವಳ ಮನೆಯ ಎದುರೇ ನಿಂತಿತು. ಹೇಳು ಮಗನೇ, ಈಗ ಹೇಳು. ಒಂದೊಂದು ಸುಳ್ಳನ್ನೂ ಸಂಜೆ ಸಭೆಯ ಮುಂದೆ ಬಿಚ್ಚಿಡುತ್ತೇನೆ.

ಲೆಯಾಂದ್ರೊ ಸುಳ್ಳು ಹೇಳಲಿಲ್ಲ. ದನಿ ತಗ್ಗಿಸಿದ. ಮೂರನೆಯ ಮಹಡಿಯತ್ತ ಬೆರಳು ತೋರಿದ.

"ಆ ಬಾಗಿಲು ನೋಡ್ತಾ ಇರಿ. ಒಬ್ಬ ಮುದುಕಿ ಬರ್ತಾಳೆ, ಬೈತಾಳೆ. ಯಾರೂ ಚಪ್ಪಾಳೆ ತಟ್ಟಬೇಡಿ. ಹೆದರಿದವರ ಹಾಗೆ ನಿಲ್ಲಿ, ಆಗ ಇನ್ನೂ ಚೆನ್ನಾಗಿ ಬೈತಾಳೆ. ಇಡೀ ಕಾದಿಸ್‌ನಲ್ಲಿ ಹೀಗೆ ಬೈಯೋರು ಇನ್ನೊಬ್ಬರಿಲ್ಲ."

ಫೋನುಗಳೆಲ್ಲ ಮೇಲೆದ್ದವು. ಬಾಗಿಲು ತೆರೆಯಲಿಲ್ಲ. ಗೈಡ್ ಬೆವರು ಒರೆಸಿಕೊಂಡ. ವಾಯಾದೊಲಿದ್‌ನವನು, "ಏನ್ರೀ, ಟೋಪಿ ಹಾಕಿದ್ರಾ ನಮಗೆ?" ಎಂದು ಗೊಣಗಿದ.

ಬಾಲ್ಬಿನಾ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. "ಅಷ್ಟು ಬೈಯೋಳನ್ನ... ಮಾಲೀಕ ಯಾಕೆ ಓಡಿಸಿಲ್ಲಪ್ಪಾ?"

"ಓಡಿಸೋದಾ? ಚೆನ್ನಾಗ್ ಹೇಳಿದ್ರಿ ಅಜ್ಜಿ!" ಲೆಯಾಂದ್ರೊ ನಕ್ಕ. "ಉಳಿದ ಐದು ಮನೆಗೆ ಜನ ಬರೋದೇ ಅವಳ ಬೈಗುಳ ಕೇಳೋಕೆ. ಅವಳಿಗೆ ಹೊಸ ಕರಾರೂ ರೆಡಿ ಇದೆ. ಬೈಯ್ತಾ ಇರೋವರೆಗೆ ಮನೆ ಅವಳದು. ಬಾಯಿ ಮುಚ್ಚಿದ ದಿನ ಅದನ್ನೂ ಬಾಡಿಗೆಗೆ ಬಿಡ್ತಾರೆ." ಮತ್ತೊಮ್ಮೆ ಮೇಲೆ ನೋಡಿದ. ಫೋನ್ ತೆಗೆದ. "ಇವತ್ಯಾಕೋ ಬರಲಿಲ್ಲ. ಮಾಲೀಕರ ಆಫೀಸಿಗೆ ಹೇಳ್ಬೇಕಾಗುತ್ತೆ."

ಬುರ್ಗೋಸ್‌ನ ವಿಧವೆ ಯಾರಿಗೂ ಹೇಳದೆ ಗುಂಪಿನಿಂದ ಜಾರಿಕೊಂಡು, ವಠಾರದ ಬಾಗಿಲು ದೂಡಿ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತತೊಡಗಿದಳು. ಹತ್ತುತ್ತಲೇ ಪ್ರಾಸ ಹುಡುಕುತ್ತಿದ್ದಳು.