ನರಿಮರಿ ಇದ್ದ ಜಾಗ

"ಎಡಗಡೆ ಸತ್ತಿದೆ" ಎಂದರು ಮೇಷ್ಟ್ರು. "ಅರ್ಧ ಚಿತ್ರ ದಂಡ. ಇಷ್ಟೊಂದು ಜಾಗ ಯಾಕಮ್ಮ ಬಿಟ್ಟೆ?"

ಪರದೆಯ ಮೇಲೆ ಟೈಲರಮ್ಮ ತೆಗೆದ ನರಿಯ ಚಿತ್ರವಿತ್ತು. ಬಲಗಡೆ, ಮರಿಯತ್ತ ಕತ್ತು ತಿರುಗಿಸಿ ನಿಂತ ತಾಯಿ ನರಿ. ಎಡಗಡೆ, ಒಣಹುಲ್ಲಿನ ನಡುವೆ, ಅದರ ಮರಿಯ ಮುಖ. ಆ ಮುಖಕ್ಕಾಗಿ ಅವಳು ಹೊಲಿಗೆ ಅಂಗಡಿಗೆ ಬೀಗ ಹಾಕಿ, ಮುಂಜಾನೆಯ ಚಳಿಯಲ್ಲಿ ಒದ್ದೆ ನೆಲದ ಮೇಲೆ ಬೋರಲು ಮಲಗಿದ್ದಳು.

ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಕೂತಿದ್ದ ಛಾಯಾಗ್ರಾಹಕರ ಸಂಘದವರು ಪರದೆ ನೋಡಿದರು. ಮೇಷ್ಟ್ರ ಮುಖ ನೋಡಿದರು. ತಲೆಯಾಡಿಸಿದರು.

ಟೈಲರಮ್ಮನ ಕಿವಿ ಬಿಸಿಯಾಯಿತು. ಮರಿ ಮಸುಕಾಗಿದೆ, ಹುಲ್ಲಿನ ಬಣ್ಣದಲ್ಲಿ ಕಲಸಿಹೋಗಿದೆ, ಅದನ್ನೇ ಅವರು ಹೇಳುತ್ತಿರುವುದು ಎಂದುಕೊಂಡಳು. ಮೇಷ್ಟ್ರು ಕಾಡು ಅಲೆದು ತಲೆ ನರೆಸಿಕೊಂಡವರು. "ಮೊದಲು ಅಂಚು ನೋಡಿ, ಆಮೇಲೆ ಪ್ರಾಣಿ ನೋಡಿ" ಎಂದು ಅಲ್ಲಿದ್ದ ಎಲ್ಲರಿಗೂ ಕಲಿಸಿದವರು. ಅವರ ಮಾತಿಗೆ ಎದುರಾಡುವ ಯೋಗ್ಯತೆ ಯಾರಿಗಿತ್ತು?

"ಬಟ್ಟೆ ಕತ್ತರಿಸೋಳು ನೀನು. ಚಿತ್ರ ಕತ್ತರಿಸೋಕೆ ಹೆದರಿದರೆ ಹೇಗೆ?" ಎಂದರು ಅವರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಸಭೆ ಮುಗಿದ ಮೇಲೆ ಒಂದು ಮಾತು ಕೇಳೋಣವೆಂದು ಅವಳು ಮೇಷ್ಟ್ರ ಎಡಪಕ್ಕದಲ್ಲಿ ನಿಂತಳು. ಅವರು ಚೀಲ ಹೆಗಲಿಗೇರಿಸಿ, ಅವಳ ಭುಜಕ್ಕೆ ಢಿಕ್ಕಿ ಹೊಡೆದೇ ಮುಂದೆ ನಡೆದರು. ತಿರುಗಿ ಕೂಡ ನೋಡಲಿಲ್ಲ. ಇಷ್ಟು ಕೆಟ್ಟ ಚಿತ್ರ ತಂದವಳಿಗೆ ಇದೇ ಸರಿ ಎಂದುಕೊಂಡು ಅವಳು ಮೆಟ್ಟಿಲಿಳಿದಳು.

ಮನೆಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು. ಎಡಭಾಗ ಕತ್ತರಿಸಿದಳು. ಗಂಡ ಹಿಂದೆ ಬಂದು ನಿಂತ.

"ಮರಿ ಎಲ್ಲಿ ಹೋಯ್ತು?"

"ತೆಗೆದೆ."

"ಅದಕ್ಕೋಸ್ಕರ ತಾನೇ ನೆಗಡಿ ಹಿಡಿಸ್ಕೊಂಡು ಬಂದಿದ್ದು?"

"ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ."

ಪರದೆಯ ಮೇಲಿನ ನರಿ ಈಗ ಚೌಕಟ್ಟಿಗೆ ಮೂಗು ತಾಗಿಸಿಕೊಂಡು ನಿಂತಿತ್ತು.

ಮುಂದಿನ ಭಾನುವಾರ ಮೇಷ್ಟ್ರು ಅದೇ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಈಗ ಚಿತ್ರ ಆಯ್ತು ನೋಡು" ಎಂದರು. ಟೈಲರಮ್ಮನ ಕಣ್ಣು ತುಂಬಿ ಬಂತು. ಆಮೇಲೆ ಅವಳು ಹಳೆಯ ಚಿತ್ರಗಳಿಗೂ ಕತ್ತರಿ ಹಾಕಿದಳು. ಜಿಂಕೆಗಳ ಜೋಡಿಯಲ್ಲಿ ಒಂದು ಹೋಯಿತು. ನೀರುನಾಯಿ ಹಿಡಿಯಲು ಹೊರಟಿದ್ದ ಮೀನು ಹೋಯಿತು. ಪ್ರತಿ ಸಲವೂ ಶಹಬ್ಬಾಸ್ ಸಿಕ್ಕಿತು.

ಆಗ ಸಂಘಕ್ಕೆ ಹೊಸದಾಗಿ ಒಬ್ಬ ಬಸ್ ಕಂಡಕ್ಟರ್ ಸೇರಿದ. ರಜೆಯ ದಿನ ಕೆರೆಯ ಹತ್ತಿರ ಕಾದು ಬಕಪಕ್ಷಿಯ ಚಿತ್ರ ತೆಗೆದು ತಂದಿದ್ದ. ಬಲಗಡೆ ರೆಕ್ಕೆ ಬಿಚ್ಚಿ ಇಳಿಯುತ್ತಿರುವ ಹಕ್ಕಿ, ಎಡಗಡೆ ಗೂಡಿನ ತುಂಬ ತೆರೆದ ಕೊಕ್ಕುಗಳು.

ಮೇಷ್ಟ್ರು ಟೈಲರಮ್ಮನಿಗೆ ಹೇಳಿದರು, "ನೀನೇ ಹೇಳಮ್ಮ. ಇದರಲ್ಲಿ ಏನು ತಪ್ಪು?"

ಅವಳು ಎದ್ದು ನಿಂತಳು. ಚಿತ್ರ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿರುವುದೂ ಗೊತ್ತಿತ್ತು.

"ಎಡಗಡೆ ಸತ್ತಿದೆ" ಎಂದಳು.

"ಅಲ್ಲಿ ಗೂಡಿದೆಯಲ್ಲ ಮೇಡಂ?" ಎಂದ ಕಂಡಕ್ಟರ್, ನಿಜವಾಗಿ ಅರ್ಥವಾಗದೆ.

"ಗೂಡು ಇದ್ದರೆ ಸಾಲದು. ನೋಡೋಕೆ ಕಲೀಬೇಕು."

ಕೋಣೆಯಲ್ಲಿ ನಗು ಎದ್ದಿತು. ಕಂಡಕ್ಟರ್ ತಲೆ ಬಗ್ಗಿಸಿ ಕೂತ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಒಮ್ಮೆ ಅವನದೇ ಬಸ್ಸು ಹತ್ತಿದಾಗ ಅವನು ಟಿಕೆಟ್ ಕೊಟ್ಟು, ಅವಳ ಮುಖ ನೋಡದೆ ಮುಂದಿನ ಸೀಟಿಗೆ ಹೋದ. ಕ್ಯಾಮೆರಾ ಹೇಗಿದೆ ಎಂದು ಕೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಒಂದು ನಿಲ್ದಾಣ ಮೊದಲೇ ಇಳಿದು ನಡೆದಳು.

ಸಂಘದ ವಾರ್ಷಿಕ ಪ್ರದರ್ಶನ ಬಂತು. ಗ್ರಂಥಾಲಯದ ಕೆಳಗಿನ ಹಜಾರದಲ್ಲಿ ಎಲ್ಲರ ಚಿತ್ರಗಳೂ ಕಟ್ಟು ಹಾಕಿಸಿಕೊಂಡು ಗೋಡೆಗೇರಿದವು. ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಸುತ್ತು ಹಾಕಿ ಬಂದು ಟೈಲರಮ್ಮನನ್ನು ಕೇಳಿದರು, "ಇದೆಲ್ಲ ಒಬ್ಬರೇ ತೆಗೆದದ್ದಾ ಮಗಳೇ?"

"ಇಲ್ಲ ಅಜ್ಜಿ. ನಾವೆಲ್ಲರೂ."

"ಹೌದಾ? ಪಾಪ, ಎಲ್ಲ ಪ್ರಾಣಿಗಳೂ ಗೋಡೆ ಕಡೆ ಮುಖ ಮಾಡಿ ನಿಂತಿವೆ. ಯಾರೋ ಬೈದು ನಿಲ್ಲಿಸಿದ ಹಾಗೆ."

ಟೈಲರಮ್ಮ ಹಜಾರದ ನಡುವೆ ನಿಂತು ಸುತ್ತ ನೋಡಿದಳು. ನರಿ, ಜಿಂಕೆ, ಗೂಬೆ, ಮುಂಗುಸಿ. ಎಲ್ಲವೂ ಎಡ ಅಂಚಿಗೆ ಒತ್ತಿಕೊಂಡು, ಏನನ್ನೋ ನೋಡುತ್ತ. ಏನನ್ನು ಎಂದು ತೋರಿಸುವ ಒಂದು ಚಿತ್ರವೂ ಇರಲಿಲ್ಲ. ಅವಳಿಗೆ ಭೂಮಿಗಿಳಿದುಹೋದಂತಾಯಿತು. ಮೇಷ್ಟ್ರು ಬಂದ ಕೂಡಲೇ ಕೇಳಿಯೇಬಿಡುವುದೆಂದು ನಿಶ್ಚಯಿಸಿದಳು: ಸರ್, ಆ ಮರಿ ಅಷ್ಟು ಕೆಟ್ಟದಾಗಿತ್ತೇ?

ಮೇಷ್ಟ್ರು ಬರಲಿಲ್ಲ. ಅವರ ಮಗಳು ಬಂದಳು. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಆಸ್ಪತ್ರೆಯ ಚೀಲ. ಸಂಘದವರೆಲ್ಲ ಅವಳನ್ನು ಸುತ್ತುವರಿದರು.

"ಅಪ್ಪನ ತಲೆಯಲ್ಲಿ ಗೆಡ್ಡೆ ಇದೆಯಂತೆ" ಎಂದಳು ಅವಳು. "ನಾಳೆ ಆಪರೇಷನ್. ಮೊದಲೇ ಗೊತ್ತಾಗಿದ್ದರೆ ಸಲೀಸಾಗಿ ತೆಗೀಬಹುದಿತ್ತು, ಈಗ ಏನೂ ಹೇಳೋಕಾಗಲ್ಲ ಅಂದ್ರು ಡಾಕ್ಟರು."

ಅವಳು ಗೋಡೆಯುದ್ದಕ್ಕೂ ನಿಧಾನವಾಗಿ ಕಣ್ಣಾಡಿಸಿದಳು.

"ಆ ಗೆಡ್ಡೆಯಿಂದ ಎಡಗಡೆ ಇರೋದು ಯಾವುದೂ ಅಪ್ಪನಿಗೆ ಕಾಣ್ತಾನೇ ಇರಲಿಲ್ಲವಂತೆ, ವರ್ಷದ ಮೇಲಾಯ್ತಂತೆ, ಅವರಿಗೇ ಅದು ಗೊತ್ತಾಗಿಲ್ಲ. ವಾರವಾರ ಜೊತೆಗಿರ್ತಿದ್ದಿರಿ, ನಿಮಗ್ಯಾರಿಗೂ ಅನುಮಾನ ಬರಲಿಲ್ವಾ?"