ಟೆಂಡರು ಗೆದ್ದಾಕೆ

ಹಾಸ್ಟೆಲ್ ಮಕ್ಕಳ ಸಮವಸ್ತ್ರದ ಟೆಂಡರು ಮಹಿಳೆಯರಿಗೇ ಮೀಸಲು ಎಂದಾಗ ರಶೀದಾಬಿಯ ಹೊಲಿಗೆ ಸಂಘಕ್ಕೆ ಹೋದ ಜೀವ ಬಂದಂತಾಗಿತ್ತು. ಅದೂ ಕೈತಪ್ಪಿತು. ಗೆದ್ದವಳೂ ಹೆಣ್ಣೇ ಅಲ್ಲವೇ, ಮಷಿನ್ನು ಮಾರುವ ಮುನ್ನ ಕಾಲು ಹಿಡಿದಾದರೂ ಕೇಳೋಣವೆಂದು ರಶೀದಾಬಿ ಅವಳ ಮನೆ ಬಾಗಿಲು ತಟ್ಟಿದಳು.

ಸೆರಗಿಗೆ ಕೈ ಒರೆಸುತ್ತಾ ಒಬ್ಬಾಕೆ ಕದ ತೆರೆದಳು.

"ಕಂಪನಿ ಮಾಲಕರು ನೀಲವ್ವನೋರು ಅದಾರೇನ್ರಿ?"

"ನಾನಽ ನೀಲವ್ವ. ಯಾವ ಕಂಪನಿ?"

"ಸಮವಸ್ತ್ರದ ಟೆಂಡರ್ ನಿಮ್ಮ ಹೆಸರಿಗೇ ಆಗೇತಲ್ರಿ ಅಕ್ಕಾರ! ಅದರಾಗ ಒಂದೀಟು ಹೊಲಿಗಿ ನಮಗ ಕೊಡ್ರಿ. ನಮ್ಮ ಹೆಣ್ಮಕ್ಕಳು ಉಪವಾಸ ಬೀಳ್ತಾರ."

ಒಳಗೆ ಗಂಡ ಕೆಮ್ಮಿದ. ನೀಲವ್ವ ಹೊಸ್ತಿಲು ದಾಟಿ ಬಂದು ಮೆಲ್ಲಗೆ ಕದ ಎಳೆದುಕೊಂಡಳು.

"ನಮ್ಮನಿಯವರು ತೋರಿಸಿದಲ್ಲಿ ಸಹಿ ಹಾಕೀನಿ ಅಷ್ಟ. ನನಗೂ ಹೊಲಿಗಿ ಬರ್ತೈತಿ ತಂಗಿ, ನಿಮ್ಮ ಸಂಘದಾಗ ನನಗೊಂದು ಕೆಲಸ ಸಿಗತೈತೇನು?"